ಹಂಡೆ ಊದೋನಿಂದ ಗೆಳೆಯನಿಗೊಂದು ಪತ್ರ

ಲೋ ಮಗಾ,

ಗ್ರೂಪಲ್ಲಿ ಎಲ್ಲರೆದುರಿಗೇ "ಆ ಹಂಡೆ ಊದೋದು ಬಿಟ್ಯೋ ಇಲ್ವೋ" ಅಂತ ಕೇಳಿದ್ಯಲ್ಲ, ಉತ್ತರಾನೂ ಎಲ್ಲರೆದುರಿಗೇ ಕೊಡ್ತೀನಿ. ಬಿಟ್ಟಿಲ್ಲ. ಮೊಸರನ್ನದ ಡಬ್ಬಿ ಮೇಲಾಣೆ, ಬಿಡೋದೂ ಇಲ್ಲ. (ಅರ್ಥ ಆಗದೋರು ಮುಂದಕ್ಕೆ ಹೋಗಿ.)

ಅಮೆರಿಕದ ಈ ಒಹಾಯೊದಲ್ಲಿ ಟ್ಯೂಬಾ, ಅದೇ ನೀನು ಹಂಡೆ ಅನ್ನೋ ಭಾರೀ ಹಿತ್ತಾಳೆ ವಾದ್ಯ, ಊದೋನನ್ನ ಯಾರೂ ವಿಚಿತ್ರವಾಗಿ ನೋಡಲ್ಲ ಕಣೋ. ಇಲ್ಲಿನ ಒಹಾಯೊ ಸ್ಟೇಟ್ ಯೂನಿವರ್ಸಿಟಿ ಬ್ಯಾಂಡ್‌ನೋರು ಮೈದಾನದಲ್ಲಿ ನಡೀತಾ ನಡೀತಾನೇ ರಾಜ್ಯದ ಹೆಸರು ಬರೀತಾರೆ, ಕೊನೇಲಿ 'ಐ' ಮೇಲಿನ ಚುಕ್ಕಿಯಾಗಿ ನಿಲ್ಲೋ ಮರ್ಯಾದೆ ಸೂಸಾಫೋನ್ (ಮೈಗೆ ಸುತ್ಕೊಂಡು ಊದೋ ಟ್ಯೂಬಾ) ಊದೋನಿಗೇ. ದಸರಾದಲ್ಲಿ ನಾವಿಬ್ರೂ ಬಾಯಿಬಿಟ್ಕೊಂಡು ನೋಡ್ತಿದ್ದದ್ದು ಆನೇನ ಪೊಲೀಸ್ ಬ್ಯಾಂಡಾ, ನೀನೇ ಹೇಳು.

ನಂಗೆ ಸಿಕ್ಕಿರೋದು ಮೂರು ವಾಲ್ವಿನ ಹಳೇ ಬಿ ಫ್ಲಾಟ್ ಟ್ಯೂಬಾ, ಸುತ್ತು ಬಿಚ್ಚಿದ್ರೆ ಸುಮಾರು 18 ಅಡಿ ಕೊಳವೆ. (ವಾಲ್ವ್ ಅಂದ್ರೆ ಒತ್ತಿದ್ರೆ ಕೊಳವೆ ಉದ್ದ ಆಗಿ ಸ್ವರ ಇಳಿಸೋ ಗುಂಡಿ; ಇ, ಬಿ ಫ್ಲಾಟ್ ಅನ್ನೋವೆಲ್ಲ ಪಾಶ್ಚಾತ್ಯ ಸ್ವರದ ಹೆಸರು.) ಮೂರೂ ವಾಲ್ವ್ ಒತ್ತಿದ್ರೆ ಕೆಳಗಿನ ಇ ತನಕ ಇಳೀಬಹುದು, ಆಮೇಲೆ ಸಿಗೋದು ನೇರ ಪೆಡಲ್ ಬಿ ಫ್ಲಾಟ್, ಏನೂ ಒತ್ತದೆ ಕೊಳವೆ ಕೊಡೋ ಬುಡದ ಸ್ವರ. ನಡುವಿನ ಐದು ಸ್ವರಕ್ಕೆ ಬೆರಳಿಡೋ ಕ್ರಮವೇ ಇಲ್ಲ. ನಾಲ್ಕನೇ ವಾಲ್ವ್ ಇರೋ ದುಡ್ಡಿನೋರಿಗೆ ಹೆಚ್ಚುಕಮ್ಮಿ ನಡೆದುಹೋಗುತ್ತೆ, ನಮ್ಮಂಥೋರಿಗೆ ಫಾಲ್ಸ್ ಟೋನ್, ಅಂದ್ರೆ ಸುಳ್ಳು ಸ್ವರವೇ ಗತಿ. ಏನೂ ಒತ್ತದೆ, ತುಟಿ ಸಡಿಲ ಬಿಟ್ಟು, ದವಡೆ ಇಳಿಸಿ, ತಲೇಲಿ ಇ ಫ್ಲಾಟ್ ಇಟ್ಕೊಂಡು ಧಾರಾಳವಾಗಿ ಗಾಳಿ ಬಿಟ್ರೆ ಕೊಳವೆ ತಾನಾಗೇ ಕೊಡೋ ಸ್ವರಗಳ ಸಾಲಲ್ಲೇ ಇಲ್ಲದ ಸ್ವರ ಬರುತ್ತೆ ಮಾರಾಯ! ಎರಡನೇ ವಾಲ್ವ್ ಒತ್ತಿದ್ರೆ ಡಿ, ಒಂದನೇದಕ್ಕೆ ಡಿ ಫ್ಲಾಟ್, ಅವೆರಡೂ ಸೇರಿದ್ರೆ ಸಿ, ಎರಡು-ಮೂರಕ್ಕೆ ಬಿ. ತಲೇಲಿ ಸ್ವರ ಒಂಚೂರು ಅಲುಗಾಡಿದ್ರೂ ಮುಗೀತು, ಮೇಲಕ್ಕೆ ಹಾರುತ್ತೆ ಇಲ್ಲಾ ಪೆಡಲ್‌ಗೆ ಬೀಳುತ್ತೆ. ಎಲ್ಲಾ ಟ್ಯೂಬಾದಲ್ಲೂ ಒಂದೇ ಥರ ಬರೋದೂ ಇಲ್ಲ.

ಲೆಕ್ಕ ನಿಂಗಿಷ್ಟ ಅಲ್ವಾ, ತಗೋ. ಪೆಡಲ್ ಸುಮಾರು 29 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಈ ಇ ಫ್ಲಾಟ್ 39. ಪ್ರತಿ ಸ್ವರದ ಜೊತೆ ಅದರ ಎರಡು, ಮೂರು, ನಾಲ್ಕರಷ್ಟಿನ ಹಾರ್ಮೋನಿಕ್‌ಗಳೂ ಸಣ್ಣಗೆ ಮೊಳಗುತ್ವೆ. ಇ ಫ್ಲಾಟ್‌ನ ಮೂರರಷ್ಟು, ಪೆಡಲ್‌ನ ನಾಲ್ಕರಷ್ಟು, ಎರಡೂ 117ರ ಆಸುಪಾಸು. ಬುಡದಲ್ಲಿ ಸಿಗದ ಆಸರೆ ಮೇಲೆಲ್ಲೋ ಸಿಗುತ್ತೆ.

ಹೋದ ಭಾನುವಾರ ವಿಡಿಯೋ ಕಾಲಲ್ಲಿ ಇದನ್ನೇ ಅಪ್ಪಂಗೆ ಊದಿ ತೋರಿಸ್ದೆ. ಫೋನ್ ಸ್ಪೀಕರ್‌ಗೆ 39 ಹರ್ಟ್ಸ್ ಆಗೋ ಮಾತಲ್ಲ, ಮೇಲಿನ ಹಾರ್ಮೋನಿಕ್‌ಗಳಷ್ಟೇ ಕೇಳೋದು, ಬುಡದ್ದನ್ನ ಕೇಳೋನ ತಲೆಯೇ ತುಂಬ್ಕೊಳುತ್ತೆ. ಅಪ್ಪ ಥಟ್ಟಂತ "ಹಾಂ, ಇದು ಕೇಳಿಸ್ತು ನೋಡು" ಅಂದ್ರು.

ಇದು ಕೇಳಿಸ್ತು ಅಂದ್ರೆ ಮಿಕ್ಕಿದ್ದು?

ವಯಸ್ಸಾದ ಕಿವಿಗೆ ಮೊದಲು ಹೋಗೋದು ಮೇಲಿನ ಫ್ರೀಕ್ವೆನ್ಸಿ, ಸ ಶ ತ ಟ ಎಲ್ಲಾ ಅಲ್ಲೇ ಇರೋದು, ಹಂಗಾಗಿ ಯಾರೋ ಮಾತಾಡ್ತಿದಾರೆ ಅಂತ ತಿಳಿಯುತ್ತೆ, ಏನಂತ ತಿಳಿಯಲ್ಲ. ಎಷ್ಟು ದಿನದಿಂದ ಬರೀ ನನ್ನ ಮುಖ ನೋಡ್ಕೊಂಡು ಹ್ಞೂಂ ಹ್ಞೂಂ ಅಂತಿದಾರೋ. "ಈ ವರ್ಷಾನೂ ಬರಕ್ಕಾಗಲ್ಲಪ್ಪಾ" ಅಂದಾಗ್ಲೂ ಹ್ಞೂಂ ಅಂದಿದ್ರು, ನಾನು ಸದ್ಯ ಒಪ್ಕೊಂಡ್ರಲ್ಲ ಅಂತ ಅಂದು ರಾತ್ರಿ ನೆಮ್ಮದಿಯಾಗಿ ಮಲಗಿದ್ದೆ. ಈಗ ಅನ್ಸುತ್ತೆ, ಅನುಮಾನ ಆಗ್ಲೇ ಇತ್ತು ಕಣೋ ನಂಗೆ. ಕೇಳಿಸ್ತಾ ಅಂತ ಕೇಳಿದ್ರೆ ಇನ್ನೊಂದ್ಸಲ ಹೇಳ್ಬೇಕಲ್ಲ, ಜೋರಾಗಿ. ಬರಲ್ಲ ಅನ್ನೋದನ್ನ ಪಕ್ಕದ ಮನೆಗೆ ಕೇಳೋ ಥರ ಅಪ್ಪನ ಮುಂದೆ ಕೂಗೋದು ಹೆಂಗೆ, ಅದಕ್ಕೆ ಆ ಹ್ಞೂಂ ನಂಗೂ ಬೇಕಾಗಿತ್ತು.

ಸರಿ ಬಿಡು, ಜಾಸ್ತಿ ಆಯ್ತು. ಇಷ್ಟು ಓದಿ ಅಯ್ಯೋ ಪಾಪ ಅನ್ನೋರು ಮೊದಲು ನನ್ನ ಕೆಳಮನೆಯೋರಿಗೆ ಅನ್ನಿ.

ನಿಂಗೊಂದು ಕೆಲಸ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಅಪ್ಪನ್ನ ಒಂದ್ಸಲ ಕರ್ಕೊಂಡು ಹೋಗ್ತೀಯಾ? ನಾನು ಹೇಳ್ದೆ ಅನ್ಬೇಡ, ನಿನ್ನ ಕಿವಿ ತೋರಿಸ್ಬೇಕು ಅಂತ ಜೊತೆಗೆ ಕರಿ, ನೀನು ಹೇಗಿದ್ರೂ ಯಾರ ಮಾತೂ ಕೇಳಿದೋನಲ್ಲ, ನಂಬ್ತಾರೆ. ಮೆಷಿನ್ ಹಾಕ್ಕೊಂಡ್ಮೇಲೆ ನನ್ನ ಕೆಳಗಿನ ಸಿ ಕೇಳಿ ಕಿತ್ತೆಸೆದ್ರೆ ಅದು ನನ್ನ ಹಣೆಬರಹ. ಆಟೋ ಮಾಡ್ಕೊಂಡು ಹೋಗು, ದುಡ್ಡು ನಾನು ಹಾಕ್ತೀನಿ. ನಿನ್ನ ಸ್ಕೂಟರ್ ಮಾತ್ರ ಬೇಡಪ್ಪ, ಚಾಮುಂಡಿಬೆಟ್ಟದ ವಿಷಯ ಅವರಿನ್ನೂ ಮರ್ತಿಲ್ಲ.