ಸೈರನ್ ನಿಂತ ಮೇಲೆ

ಮಾನ್ಯರೇ,

ಆಂಬುಲೆನ್ಸ್, ಅಗ್ನಿಶಾಮಕ ಸಿಬ್ಬಂದಿಯ ಒತ್ತಡ ಕಣ್ಣೀರಾಗಿಯೇ ಹೊರಬರುತ್ತದೆಂದು ಕಾಯಬಾರದು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ದಾರಿ ಬಿಡದವರ ಮೇಲೆ ರೇಗುವುದು ಇದ್ದದ್ದೇ. ಆದರೆ ಮನೆಯಲ್ಲಿ ಕುಕ್ಕರ್ ಕೂಗಿದರೂ ಬೆಚ್ಚುವುದು, ಸುಟ್ಟ ವಾಸನೆ ಮೂಗಿನಲ್ಲೇ ಉಳಿದಂತಾಗುವುದು, ಗೊತ್ತಿರುವ ಔಷಧದ ಪ್ರಮಾಣವನ್ನೇ ಮೂರು ಸಲ ನೋಡುವುದು, ಅಪಘಾತವಾದ ರಸ್ತೆಯನ್ನು ತಪ್ಪಿಸಿ ಓಡಾಡುವುದು ಗಮನಿಸಬೇಕಾದ ಲಕ್ಷಣಗಳು. ದುರಂತದ ನಂತರ ಮೊದಲ ಕೆಲವು ದಿನ ಇವು ಸಹಜ. ತಿಂಗಳು ದಾಟಿದರೂ ಇಳಿಯದಿದ್ದರೆ ಮನೋವೈದ್ಯರನ್ನು ಕಾಣಲೇಬೇಕು.

ತುರ್ತು ಕರೆಗಳ ನಡುವೆ ನಾಲ್ಕು ಎಣಿಸುತ್ತ ಉಸಿರೆಳೆದು, ಆರು ಎಣಿಸುತ್ತ ಬಿಡಿ. ಐದು ನಿಮಿಷ ಸಾಕು. ನಿಧಾನವಾಗಿ ಉಸಿರು ಬಿಡುವಾಗ ಎದೆಬಡಿತ ತಗ್ಗುತ್ತದೆ. ಮಲಗುವುದಕ್ಕೆ 6 ಗಂಟೆ ಮೊದಲೇ ಕಾಫಿ ನಿಲ್ಲಿಸಿ (ರಾತ್ರಿಪಾಳಿಯವರಿಗೆ ಇದು ಕಷ್ಟವೇ). ನಿದ್ದೆಗೆಂದು ಮದ್ಯ ಕುಡಿದರೆ ಬೇಗ ಮಂಪರು ಬಂದೀತು, ಆದರೆ ನಡುವೆ ಎಚ್ಚರವಾಗಿ ನಿದ್ದೆ ಕೆಡುತ್ತದೆ.

ದುರಂತದ ಬೆನ್ನಲ್ಲೇ ಎಲ್ಲರನ್ನೂ ಕೂರಿಸಿ ‘ಏನಾಯಿತು, ಹೇಳಿ’ ಎಂದು ಒತ್ತಾಯಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪುವುದಿಲ್ಲ. ಮೇಲಧಿಕಾರಿಗಳು ಊಟ, ನೀರು, ಮುಂದಿನ ಕರೆಗೆ ಮುನ್ನ ಅರ್ಧ ಗಂಟೆ ಬಿಡುವು ಕೊಡಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಉಚಿತ, 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆಯನ್ನು ಪ್ರತಿ ವಾಹನದೊಳಗೂ ಅಂಟಿಸಲಿ.

– ತುರ್ತುಸೇವಾ ತರಬೇತುದಾರರು, ಬೆಂಗಳೂರು