ಅಜ್ಜಿಯ ತಟ್ಟೆಗೂ ಬೇಳೆ ಬೇಕು

ಮಾನ್ಯ ಸಂಪಾದಕರೇ,

ಮನೆಯಲ್ಲಿ ಮಗು ಹುಟ್ಟಿದರೆ ಅದಕ್ಕೆ ಏನು ಕೊಡಬೇಕು ಅಂತ ಬೀದಿಯವರೆಲ್ಲ ಹೇಳುತ್ತಾರೆ. ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ರಾಗಿ ಸರಿ, ಬೇಳೆಕಟ್ಟು. ಗರ್ಭಿಣಿ, ಬಾಣಂತಿಗೆ ಅಂಗನವಾಡಿಯ ಮಾತೃಪೂರ್ಣ ಊಟವಿದೆ. ಶಾಲೆ ಮಕ್ಕಳಿಗೆ ಹಾಲು, ಮೊಟ್ಟೆ ಇದೆ. ಎಪ್ಪತ್ತು ದಾಟಿದವರ ಊಟ ಮಾತ್ರ ಮನೆಯಲ್ಲೂ ಯಾರ ಲೆಕ್ಕಕ್ಕೂ ಬರುವುದಿಲ್ಲ.

ನಮ್ಮ ಅತ್ತೆಗೆ ಈಗ 74. ಹೋದ ವರ್ಷ ಬಚ್ಚಲಿನಿಂದ ಬರುವಾಗ ಹೊಸ್ತಿಲಲ್ಲಿ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಕೈ ಊರದೆ ಕುರ್ಚಿಯಿಂದ ಏಳಿ ಅಂದರು ಡಾಕ್ಟರು. ಅತ್ತೆಗೆ ಆಗಲಿಲ್ಲ. "ದಿನಾ ಏನು ತಿಂತೀರಮ್ಮ?" ಅಂತ ಕೇಳಿದರು. ಬೆಳಗ್ಗೆ ಟೀ, ರಸ್ಕು. ಮಧ್ಯಾಹ್ನ ಎರಡು ಹಿಡಿ ಅನ್ನ, ತಿಳಿಸಾರು. ರಾತ್ರಿ ಗಂಜಿ, ಉಪ್ಪಿನಕಾಯಿ. ಹಲ್ಲಿಲ್ಲ ಅಂತ ಹುಳಿಯಲ್ಲಿನ ಕಾಳನ್ನೆಲ್ಲ ತಟ್ಟೆಯ ಅಂಚಿಗೆ ಸರಿಸಿಬಿಡುತ್ತಿದ್ದರು. ಬಡಿಸುತ್ತಿದ್ದವಳೂ ನಾನೇ, ಆ ಕಾಳನ್ನು ಬಳಿದು ಚೆಲ್ಲುತ್ತಿದ್ದವಳೂ ನಾನೇ. "ವಯಸ್ಸಾಯ್ತು, ನನಗಿನ್ನೇನು ಬೇಕು" ಅನ್ನುತ್ತಿದ್ದರು. ನಾವೂ ಹೂಂ ಅಂದುಬಿಟ್ಟಿದ್ದೆವು.

ಓಡಾಟ ಕಡಿಮೆಯಾದ ಮೇಲೆ ಅನ್ನ, ಎಣ್ಣೆ, ಸಕ್ಕರೆ ಕಡಿಮೆ ಸಾಕು, ನಿಜ. ಆದರೆ ಪ್ರೋಟೀನ್ ಕಡಿಮೆ ಮಾಡುವ ಹಾಗಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಂತೆ ದೊಡ್ಡವರಿಗೆ ದಿನಕ್ಕೆ, ಕಿಲೋ ತೂಕಕ್ಕೆ 0.83 ಗ್ರಾಂ ಬೇಕು. 50 ಕಿಲೋ ಇರುವವರಿಗೆ ಸುಮಾರು 42 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ ಸಿಗುವುದು ಆರು ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ತಿಳಿಸಾರಿನಲ್ಲಿ ಎಷ್ಟು ಸಿಕ್ಕೀತು? ವಯಸ್ಸಾಗುತ್ತಾ ಮಾಂಸಖಂಡ ತಾನಾಗಿಯೇ ಕರಗುತ್ತದೆ. ತಿನ್ನುವುದೂ ತಪ್ಪಿದರೆ ಕಾಲಿನ ಬಲ ಇನ್ನೂ ಬೇಗ ಹೋಗುತ್ತದೆ.

ಈಗ ಅತ್ತೆಗೆ ಹೆಸರುಬೇಳೆ ತೊವ್ವೆ ಗಟ್ಟಿಯಾಗಿ ಮಾಡುತ್ತೇನೆ. ಕಾಳನ್ನು ಮೆತ್ತಗೆ ಬೇಯಿಸಿ ರುಬ್ಬಿಯೇ ಸಾರಿಗೆ ಹಾಕುತ್ತೇನೆ. ರಾತ್ರಿ ಗಂಜಿ ಬದಲು ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ, ಮೂಳೆಗೆ ಒಳ್ಳೆಯದಲ್ವಾ? ಸಂಜೆ ಒಂದು ಬೇಯಿಸಿದ ಮೊಟ್ಟೆ. ಜೊತೆಗೆ ಡಾಕ್ಟರು ಹೇಳಿದಂತೆ ದಿನಾ ಹತ್ತು ಸಲ ಕುರ್ಚಿಯಿಂದ ಎದ್ದು ಕೂರುತ್ತಾರೆ. ನಾಲ್ಕನೇ ತಿಂಗಳಲ್ಲಿ ಕೈ ಊರದೆ ಎದ್ದರು. ನನ್ನ ಕಣ್ಣಲ್ಲಿ ನೀರು ಬಂತು.

ಆಮೇಲೆ ಅದೇ ಸಾಲಿನಲ್ಲಿ ಕೂರುವ ಮಗಳ ತಟ್ಟೆಯನ್ನೂ ನೋಡಿದೆ. ಅವಳಿಗೆ 14. ಈ ವಯಸ್ಸಿನ ಹುಡುಗನಿಗೆ ದಿನಕ್ಕೆ 22 ಮಿಲಿಗ್ರಾಂ ಕಬ್ಬಿಣಾಂಶ ಬೇಕಾದರೆ ಹುಡುಗಿಗೆ 30 ಬೇಕು. ತಿಂಡಿ ಬಿಟ್ಟು ಟೀ ಕುಡಿದು ಓಡುತ್ತಿದ್ದಳು. ಈಗ ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡುತ್ತೇನೆ, ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಟೀ ಅದಕ್ಕೆ ಅಡ್ಡಿ, ಅದನ್ನು ಊಟವಾದ ಒಂದು ಗಂಟೆ ಮೇಲೆ ಕೊಡುತ್ತೇನೆ.

ಬೇಳೆ, ಮೊಟ್ಟೆ ಕೊಳ್ಳಲು ನಮಗೇನೋ ಆಗುತ್ತದೆ. ಪಡಿತರದ ಅಕ್ಕಿಯನ್ನೇ ನಂಬಿ, ಒಬ್ಬರೇ ಬೇಯಿಸಿಕೊಳ್ಳುವ ಅಜ್ಜ ಅಜ್ಜಿಯರು ನಮ್ಮ ಬೀದಿಯಲ್ಲೇ ಇದ್ದಾರೆ. ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆ ಇರುವ ಕಿಟ್ ಕೊಡಲು ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿತ್ತು. ಆ ಬೇಳೆ ಒಂದು ತಿಂಗಳೂ ತಪ್ಪದೆ ಇವರ ಕೈಸೇರಬೇಕು. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರು ಮಗುವಿನ ತೂಕ ಕೇಳುವಾಗ, ಜಗಲಿಯಲ್ಲಿ ಕೂತ ಅಜ್ಜಿಯನ್ನೂ ನಿನ್ನೆ ರಾತ್ರಿ ಏನು ಊಟ ಮಾಡಿದಿರಿ ಅಂತ ಕೇಳುವಂತೆ ಆರೋಗ್ಯ ಇಲಾಖೆ ಹೇಳಲಿ.

– ಓದುಗರೊಬ್ಬರು, ತುಮಕೂರು