ಗ್ರೀನ್ ಕಾರ್ಡ್ ಬಂದ ಮಾತ್ರಕ್ಕೆ ಮೆಡಿಕೇರ್ ಸಿಗುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಮಕ್ಕಳ ಜೊತೆ ಇರೋಣ ಅಂತ ಅಮೆರಿಕಕ್ಕೆ ಹೊರಟಿರುವ ಅಪ್ಪ ಅಮ್ಮಂದಿರು ನಿಮ್ಮ ಓದುಗರಲ್ಲೂ ಇರುತ್ತಾರೆ. ಅವರಿಗಾಗಿ ಈ ಪತ್ರ. 65 ದಾಟಿದವರಿಗೆ ಅಲ್ಲಿನ ಸರ್ಕಾರವೇ ಮೆಡಿಕೇರ್ ಎಂಬ ವಿಮೆ ಕೊಡುತ್ತದೆ, ಗ್ರೀನ್ ಕಾರ್ಡ್ ಕೈಗೆ ಬಂದರೆ ಸಾಕು ಎಂದು ನಮಗೆ ಎಷ್ಟೋ ಜನ ಹೇಳಿದ್ದರು. ನಾವೂ ನಂಬಿದೆವು. ನಂಬಿ, ಅಮ್ಮನ ಹೆಸರಲ್ಲಿ ಊರಲ್ಲಿ ಹನ್ನೆರಡು ವರ್ಷ ಕಟ್ಟಿಕೊಂಡು ಬಂದಿದ್ದ ಆರೋಗ್ಯ ವಿಮೆಯನ್ನು ನಿಲ್ಲಿಸಿಬಿಟ್ಟೆವು.

ಅಮ್ಮನಿಗೆ ಆಗ 68. ಅರ್ಜಿ ಹಾಕೋಣವೆಂದು ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಕರೆದುಕೊಂಡು ಹೋದೆ. ಕೌಂಟರಿನಲ್ಲಿದ್ದವರು ಗ್ರೀನ್ ಕಾರ್ಡಿನ ಮೇಲಿದ್ದ ತಾರೀಕಿನ ಹತ್ತಿರ ಬೆರಳಿಟ್ಟು, ಐದು ವರ್ಷ ಆಗಿಲ್ಲವಲ್ಲ ಎಂದರು. ಸಮಾಧಾನವಾಗಿಯೇ ಹೇಳಿದರು, ಅವರದ್ದೇನೂ ತಪ್ಪಿಲ್ಲ. ಕಾರಿನಲ್ಲಿ ಕೂತ ಮೇಲೆ ಅಮ್ಮ "ಹೋಗ್ಲಿ ಬಿಡೋ, ನಂಗೇನಾಗಿದೆ ಈಗ" ಎಂದರು. ಬಿಪಿ, ಶುಗರ್ ಎರಡೂ ಇದೆ ಅವರಿಗೆ. ಮನೆಗೆ ಬಂದವರೇ ಊರಿಂದ ತಂದಿದ್ದ ಮಾತ್ರೆಗಳನ್ನೆಲ್ಲ ಹಾಸಿಗೆ ಮೇಲೆ ಹರವಿಕೊಂಡು, ಇನ್ನೆಷ್ಟು ದಿನಕ್ಕೆ ಬರುತ್ತವೆ ಅಂತ ಎಣಿಸುತ್ತಾ ಕೂತರು.

ನಿಯಮ ಇಷ್ಟು. 65 ಆಗಿರಬೇಕು. ಜೊತೆಗೆ ತಾವೋ, ಗಂಡ ಅಥವಾ ಹೆಂಡತಿಯೋ ಅಮೆರಿಕದಲ್ಲಿ ಸುಮಾರು ಹತ್ತು ವರ್ಷ ದುಡಿದು ತೆರಿಗೆ ಕಟ್ಟಿದ್ದರೆ ಆಸ್ಪತ್ರೆ ಖರ್ಚಿನ ಎ ಭಾಗಕ್ಕೆ ಪ್ರೀಮಿಯಂ ಇಲ್ಲ. ಮಗ ಇಪ್ಪತ್ತು ವರ್ಷ ತೆರಿಗೆ ಕಟ್ಟಿದ್ದಾನಲ್ಲ ಎಂದರೆ ಅದು ಅಪ್ಪ ಅಮ್ಮನ ಲೆಕ್ಕಕ್ಕೆ ಬರುವುದಿಲ್ಲ. ಭಾರತದಲ್ಲಿ ದುಡಿದ ವರ್ಷಗಳೂ ಬರುವುದಿಲ್ಲ. ಆ ಹತ್ತು ವರ್ಷದ ದುಡಿಮೆ ಇಲ್ಲದವರು ಗ್ರೀನ್ ಕಾರ್ಡ್ ಇದ್ದು, ಐದು ವರ್ಷ ಬಿಡದೆ ಅಲ್ಲೇ ವಾಸವಿದ್ದ ಮೇಲೆ ದುಡ್ಡು ಕೊಟ್ಟು ಸೇರಬೇಕು. 2025ರಲ್ಲಿ ಎ ಭಾಗಕ್ಕೆ ತಿಂಗಳಿಗೆ 518 ಡಾಲರ್, ಡಾಕ್ಟರ್ ಖರ್ಚಿನ ಬಿ ಭಾಗಕ್ಕೆ 185 ಡಾಲರ್ ಇತ್ತು. ಒಬ್ಬರಿಗೆ! ಅಷ್ಟು ಕಟ್ಟಿದರೂ ಸಾಮಾನ್ಯವಾಗಿ ಹಲ್ಲು, ಕನ್ನಡಕ, ಕಿವಿಯ ಮೆಷಿನ್ ಅದರಲ್ಲಿ ಬರುವುದಿಲ್ಲ.

ಐದು ವರ್ಷದ ನಿಯಮ ನನಗೆ ಅರ್ಥವಾಗುತ್ತದೆ. ಆದರೆ ಅಂಗವಿಕಲರನ್ನು ಕಾಯಿಸುವುದು ಮಾತ್ರ ಸರಿಯೆನಿಸುವುದಿಲ್ಲ. 65 ಆಗದವರೂ ದುಡಿಯಲಾಗದ ಸ್ಥಿತಿಗೆ ಬಂದರೆ ಮೆಡಿಕೇರ್ ಉಂಟು, 1972ರಲ್ಲೇ ಕಾನೂನು ತಿದ್ದಿದ್ದಾರೆ. ಆದರೆ ಅಂಗವೈಕಲ್ಯದ ಪಿಂಚಣಿ ಶುರುವಾಗುವುದಕ್ಕೆ ಮೊದಲು ಐದು ತಿಂಗಳು, ಅದು ಶುರುವಾದ ಮೇಲೆ ಮೆಡಿಕೇರ್‌ಗೆ ಮತ್ತೆ 24 ತಿಂಗಳು ಕಾಯಬೇಕು. ನಮ್ಮ ಪರಿಚಯದ ಒಬ್ಬರಿಗೆ 48ಕ್ಕೇ ಲಕ್ವ ಹೊಡೆಯಿತು. ಕೆಲಸ ಹೋಯಿತು, ಕೆಲಸದ ಜೊತೆ ಬರುತ್ತಿದ್ದ ವಿಮೆಯೂ ಹೋಯಿತು. ಚಿಕಿತ್ಸೆ ಜಾಸ್ತಿ ಬೇಕಾಗುವುದೇ ಆ ಮೊದಲ ಎರಡು ವರ್ಷ ಅಲ್ವಾ? ಎಎಲ್‌ಎಸ್ ಎಂಬ ನರದ ಕಾಯಿಲೆಯವರಿಗೆ ಈ ಕಾಯುವಿಕೆ ಇಲ್ಲ. ಕಿಡ್ನಿ ಹೋಗಿ ಡಯಾಲಿಸಿಸ್ ಮಾಡಿಸುವವರಿಗೆ ಸಾಮಾನ್ಯವಾಗಿ ನಾಲ್ಕನೇ ತಿಂಗಳಿಂದ ಸಿಗುತ್ತದೆ, ಅವರಿಗೂ ದುಡಿಮೆಯ ಲೆಕ್ಕ ಬೇಕು. ಅವರಿಗೆ ಮಾಡಿಕೊಟ್ಟ ದಾರಿಯನ್ನು ಲಕ್ವ ಹೊಡೆದವರಿಗೂ ಮಾಡಿಕೊಡಬಹುದಿತ್ತು.

ಹೊರಡುವವರಿಗೆ ನನ್ನ ಮಾತು ಇಷ್ಟೇ. ಊರಿನ ಪಾಲಿಸಿ ನಿಲ್ಲಿಸಬೇಡಿ. ಅದು ಅಮೆರಿಕದಲ್ಲಿ ನಡೆಯದಿದ್ದರೂ, ದೊಡ್ಡ ಆಪರೇಷನ್ ಬಂದರೆ ವಾಪಸ್ ಬಂದು ಮಾಡಿಸಿಕೊಳ್ಳಬಹುದು. ಈ ವಯಸ್ಸಿನಲ್ಲಿ ಹೊಸ ಪಾಲಿಸಿ ಸಿಗುವುದು ಎಷ್ಟು ಕಷ್ಟ ಅಂತ ನಾವು ಈಗ ನೋಡುತ್ತಿದ್ದೇವೆ. ಐದು ವರ್ಷ ತುಂಬುವ ತನಕ ಅಲ್ಲಿನ ಸರ್ಕಾರ ನಡೆಸುವ ವಿಮೆ ಮಾರಾಟದ ತಾಣವಾದ ಮಾರ್ಕೆಟ್‌ಪ್ಲೇಸ್‌ನಲ್ಲಿ ಖಾಸಗಿ ವಿಮೆ ಕೊಳ್ಳಬಹುದು, ಅಮ್ಮನಿಗೆ ಈಗ ಅದನ್ನೇ ಮಾಡಿಸಿದ್ದೇನೆ. ಅರ್ಹತೆ ಬಂದ ಮೇಲೆ ತಡ ಮಾಡಬೇಡಿ. ಆ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು, ದಂಡವಿಲ್ಲದೆ ಸೇರಲು ಸಾಮಾನ್ಯವಾಗಿ ಒಟ್ಟು ಈ ಏಳು ತಿಂಗಳು ಮಾತ್ರ ಅವಕಾಶ. ಸುಮ್ನೆ ಬಿಟ್ಟರೆ ತಡವಾದ ಪ್ರತಿ ವರ್ಷಕ್ಕೆ ಬಿ ಭಾಗದ ಪ್ರೀಮಿಯಂ 10% ಏರುತ್ತದೆ, ಆ ದಂಡ ವಿಮೆ ಇರುವವರೆಗೂ ಹೋಗುವುದಿಲ್ಲ.

ಟಿಕೆಟ್ ಬುಕ್ ಮಾಡುವ ಮೊದಲೇ ಮಕ್ಕಳನ್ನು ಕೂರಿಸಿಕೊಂಡು ಇದನ್ನೆಲ್ಲ ಕೇಳಿ. ನಮ್ಮಮ್ಮ ಕೇಳಲಿಲ್ಲ, ನಾನೂ ವಿಚಾರಿಸಲಿಲ್ಲ.

ಇಂತಿ,
ನಿಮ್ಮ ಹಳೆಯ ಓದುಗ